ದೀಪದ ಬುಡ

'ದೀಪದ ಬುಡದಲ್ಲಿ ಕತ್ತಲೆ' ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಊರಿಗೆಲ್ಲ ಬುದ್ಧಿ ಹೇಳುವವನು ತನ್ನ ಮನೆಯ ಕೊರತೆಯನ್ನು ಕಾಣದೆ ಹೋದಾಗ ಹಿರಿಯರು ಈ ಮಾತನ್ನಾಡುತ್ತಾರೆ. ಎಣ್ಣೆಯ ಹಣತೆಯನ್ನು ಕಂಡವರಿಗೆ ಗಾದೆಯ ಮೂಲಾರ್ಥವೂ ತಿಳಿದಿರುತ್ತದೆ. ಸೊಡರಿನ ಕುಡಿಯು ಸುತ್ತಲಿನ ಗೋಡೆಗಳನ್ನೆಲ್ಲ ಬೆಳಗುತ್ತದೆ; ತನ್ನನ್ನು ಹೊತ್ತಿರುವ ಬುಡದ ಮೇಲೆ ಮಾತ್ರ ನೆರಳನ್ನು ಚೆಲ್ಲುತ್ತದೆ. ಗಾದೆಯನ್ನು ಕಟ್ಟಿದವರ ಉದ್ದೇಶ ನೀತಿಯನ್ನು ಹೇಳುವುದು. ಆದರೆ ದೀಪಗಳನ್ನು ಹೊತ್ತು ತಿರುಗುವವರಿಗೆ, ಅವುಗಳ ಬೆಳಕಿನಲ್ಲಿ ರಾತ್ರಿಯೆಲ್ಲ ದುಡಿಯುವವರಿಗೆ, ಅದು ಅಕ್ಷರಶಃ ಸತ್ಯವಾದ ಎಚ್ಚರಿಕೆಯ ಮಾತೂ ಹೌದು. ದೀಪದ ಎಣ್ಣೆ ಇರುವುದು ಬುಡದಲ್ಲಿ. ಅಪಾಯ ಇರುವುದೂ ಬುಡದಲ್ಲಿಯೇ.

ದೀಪಗಳಲ್ಲಿ ಎರಡು ಬಗೆ. ಇದ್ದಲ್ಲಿಯೇ ಇದ್ದು ಬೆಳಗುವ ದೀಪ ಒಂದು. ಮನುಷ್ಯನೊಡನೆ ಸಾಗುವ ದೀಪ ಇನ್ನೊಂದು. ಗೋಡೆಯ ಗೂಡಿನಲ್ಲಿರುವ ಹಣತೆ, ಬೀದಿಯ ಕಂಬದ ಮೇಲಿನ ವಿದ್ಯುದ್ದೀಪ ಇವು ಮೊದಲನೆಯ ಬಗೆಗೆ ಸೇರಿದವು. ಲಾಟೀನು, ಗ್ಯಾಸ್‌ಲೈಟು, ಗಣಿಯ ಕಾರ್ಮಿಕನ ತಲೆಯ ಮೇಲಿನ ದೀಪ, ರಸ್ತೆಯ ಕೆಲಸಕ್ಕಾಗಿ ಎಳೆದು ತರುವ ದೀಪಸ್ತಂಭ ಇವೆಲ್ಲ ಎರಡನೆಯ ಬಗೆಯವು. ಸಾಗುವ ದೀಪವು ತನಗೆ ಬೇಕಾದ ಶಕ್ತಿಯನ್ನು ತನ್ನೊಡನೆಯೇ ಹೊತ್ತುಕೊಂಡಿರಬೇಕು. ಅದು ಸೀಮೆಎಣ್ಣೆಯಾಗಿರಬಹುದು, ಅನಿಲವಾಗಿರಬಹುದು, ಡೀಸೆಲ್ ಆಗಿರಬಹುದು, ಇಲ್ಲವೆ ಬ್ಯಾಟರಿಯಾಗಿರಬಹುದು. ಹೀಗೆ ಉರಿಯುವ ವಸ್ತುವೂ ಉರಿಸುವ ಕಿಡಿಯೂ ಗೇಣುದ್ದದ ಅಂತರದಲ್ಲಿ ಜೊತೆಯಾಗಿ ಪ್ರಯಾಣ ಮಾಡುತ್ತವೆ. ಪ್ರಯಾಣವೆಂದ ಮೇಲೆ ಕುಲುಕಾಟ ತಪ್ಪಿದ್ದಲ್ಲ. ಕುಲುಕಿದಂತೆಲ್ಲ ತಿರುಪುಗಳು ಸಡಿಲಗೊಳ್ಳುತ್ತವೆ, ವಾಶರುಗಳು ಸವೆಯುತ್ತವೆ, ಕೊಳವೆಗಳು ಬಿರುಕು ಬಿಡುತ್ತವೆ. ಅಂಗಡಿಯಿಂದ ತಂದ ದಿನ ನಿರ್ದೋಷವಾಗಿದ್ದ ದೀಪವು ಇಂದಿನ ಸಂಜೆಯೂ ನಿರ್ದೋಷವಾಗಿದೆಯೆಂದು ಹೇಳಲು, ಇಂದಿನ ಸಂಜೆ ಅದನ್ನು ನೋಡಿದವನಿಗೆ ಮಾತ್ರ ಅಧಿಕಾರವುಂಟು.

ಕರ್ನಾಟಕದಲ್ಲಿ ವಿದ್ಯುಚ್ಛಕ್ತಿಯು ಬೇಗನೆ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಆದರೆ ಹಳ್ಳಿಹಳ್ಳಿಗೆ ತಂತಿಯು ಹೋಗಲು ಹಲವು ದಶಕಗಳು ಹಿಡಿದವು. ಆ ನಡುಗಾಲದಲ್ಲಿ ನಾಡಿನ ಮದುವೆಗಳನ್ನೂ ಜಾತ್ರೆಗಳನ್ನೂ ಬಯಲಾಟಗಳನ್ನೂ ಬೆಳಗಿದ್ದು ಗ್ಯಾಸ್‌ಲೈಟು. ಅದಕ್ಕೆ ಮೊದಲು ದೊಂದಿ, ಪಂಜುಗಳ ಹೊಗೆಬೆಳಕಿನಲ್ಲಿ ಕುಣಿಯುತ್ತಿದ್ದ ವೇಷಗಳು ಈ ದೀಪದ ಬಿಳಿಯ ಬೆಳಕಿನಲ್ಲಿ ಹೊಸ ಕಾಂತಿಯನ್ನು ಪಡೆದವು. ಮದುವೆಯ ಮೆರವಣಿಗೆಯಲ್ಲಿ ಅದನ್ನು ತಲೆಯ ಮೇಲೆ ಹೊತ್ತು ಸಾಲಾಗಿ ನಡೆಯುವವರಿದ್ದರು. ಬೆಳಕು ವಧೂವರರ ಮುಖದ ಮೇಲೆ ಬೀಳುತ್ತಿತ್ತು. ಕಾದ ಟ್ಯಾಂಕು ಹೊತ್ತವನ ನೆತ್ತಿಯ ಮೇಲೆ ಕುಳಿತಿರುತ್ತಿತ್ತು.

ಜನರು ಗ್ಯಾಸ್‌ಲೈಟೆಂದು ಕರೆದ ಈ ದೀಪದ ಒಂದು ಪ್ರಸಿದ್ಧ ಹೆಸರು ಪೆಟ್ರೋಮ್ಯಾಕ್ಸ್. ಬರ್ಲಿನ್ ನಗರದ ಮ್ಯಾಕ್ಸ್ ಗ್ರೆಟ್ಸ್ ಎಂಬಾತನು ಸುಮಾರು 1910ರಲ್ಲಿ ಇದನ್ನು ರೂಪಿಸಿದನು. ಪೆಟ್ರೋಲಿಯಂ ಎಂಬ ಪದಕ್ಕೆ ಆತನ ಹೆಸರು ಕೂಡಿ ದೀಪಕ್ಕೆ ಆ ಹೆಸರಾಯಿತು. ಇದರ ಬುಡದಲ್ಲಿ ಹಿತ್ತಾಳೆಯ ಟ್ಯಾಂಕು. ಅದರೊಳಗೆ ಮುಕ್ಕಾಲು ಪಾಲು ಸೀಮೆಎಣ್ಣೆ, ಉಳಿದ ಜಾಗದಲ್ಲಿ ಗಾಳಿ. ಪಂಪು ಹೊಡೆದಾಗ ಗಾಳಿಯ ಒತ್ತಡ ಹೆಚ್ಚಿ ಎಣ್ಣೆಯು ನಳಿಕೆಯ ಮೂಲಕ ಮೇಲೇರುತ್ತದೆ. ಮೊದಲೇ ಕಾಯಿಸಿದ ನಳಿಕೆಯಲ್ಲಿ ಅದು ಆವಿಯಾಗಿ, ಸೂಜಿಮೊನೆಯಷ್ಟು ಸಣ್ಣ ರಂಧ್ರದಿಂದ ಹೊರಚಿಮ್ಮಿ, ಗಾಳಿಯೊಡನೆ ಬೆರೆತು ಉರಿಯುತ್ತದೆ. ಆ ಉರಿಯಿಂದ ಕಾದು ಬೆಳಗುವುದು ಮ್ಯಾಂಟಲ್ ಎಂಬ ಪುಟ್ಟ ಬಲೆಚೀಲ. ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞನಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಕ್ ಎಂಬಾತನು 1885ರಲ್ಲಿ ಈ ಬಗೆಯ ಬಲೆಗೆ ಸನ್ನದು ಪಡೆದನು. 1891ರಲ್ಲಿ ನೂರಕ್ಕೆ 99 ಪಾಲು ಥೋರಿಯಂ ಆಕ್ಸೈಡು, 1 ಪಾಲು ಸೀರಿಯಂ ಆಕ್ಸೈಡು ಇರುವ ಉತ್ತಮ ಬಲೆಯನ್ನು ತಯಾರಿಸಿದನು. ಈ ಥೋರಿಯಂ ದೊರೆಯುವ ಮೋನಜೈಟ್ ಮರಳು 1909ರಲ್ಲಿ ಅಂದಿನ ತಿರುವಾಂಕೂರಿನ ಕಡಲ ತೀರದಲ್ಲಿ ಪತ್ತೆಯಾಯಿತು.

ಇಷ್ಟು ಸೂಕ್ಷ್ಮವಾದ ಯಂತ್ರವನ್ನು ಹಚ್ಚುವುದೆಂದರೆ ಬರಿಯ ಕಡ್ಡಿ ಗೀರುವುದಲ್ಲ. ನುರಿತ ದೀಪದಾಳು ಹೊತ್ತು ಮುಳುಗುವುದಕ್ಕೆ ಮುಂಚೆಯೇ, ಹಗಲ ಬೆಳಕು ಇರುವಾಗಲೇ, ದೀಪವನ್ನು ಪರೀಕ್ಷಿಸುತ್ತಿದ್ದನು. ಎಣ್ಣೆ ತುಂಬುವ ಮುಚ್ಚಳದ ವಾಶರು ಹರಿದಿದೆಯೇ ಎಂಬುದನ್ನು ಮೊದಲು ನೋಡಬೇಕು. ಪಂಪಿನೊಳಗಿನ ಚರ್ಮದ ವಾಶರು ಒಣಗಿ ಗಡುಸಾಗಿದ್ದರೆ ಎಣ್ಣೆ ಸವರಿ ಮೆದುಗೊಳಿಸಬೇಕು. ಪಂಪಿನ ತಳದಲ್ಲಿ ಒಂದು ಕವಾಟವಿದೆ. ಅದು ಗಾಳಿಯನ್ನು ಒಳಕ್ಕೆ ಬಿಡುತ್ತದೆ, ಹೊರಕ್ಕೆ ಬಿಡುವುದಿಲ್ಲ. ಆ ಕವಾಟವು ಕೆಟ್ಟರೆ ಟ್ಯಾಂಕಿನ ಎಣ್ಣೆಯು ಪಂಪಿನೊಳಕ್ಕೆ ನುಗ್ಗಿ ಹಿಡಿಯ ಬಳಿ ಒಸರುತ್ತದೆ. ಮ್ಯಾಂಟಲಿನಲ್ಲಿ ಸಣ್ಣ ತೂತಾಗಿದ್ದರೂ ಉರಿಯ ನಾಲಗೆಯು ಆ ತೂತಿನಿಂದ ಹೊರಬಂದು ಗಾಜನ್ನು ಸೀಳುತ್ತದೆ.

ಸೋರಿಕೆಯ ಪರೀಕ್ಷೆಯೂ ಸುಲಭವಾದದ್ದೇ. ದೀಪವನ್ನು ಹಚ್ಚದೆ, ಹತ್ತಿರದಲ್ಲಿ ಬೆಂಕಿಯಿಲ್ಲದ ಕಡೆ ಇಟ್ಟು, ಪಂಪು ಹೊಡೆದು, ಒತ್ತಡ ತೋರಿಸುವ ಮುಳ್ಳನ್ನು ಗಮನಿಸಬೇಕು. ಕೆಲವು ನಿಮಿಷಗಳಲ್ಲಿ ಮುಳ್ಳು ಕೆಳಗಿಳಿದರೆ ಎಲ್ಲಿಯೋ ಗಾಳಿ ಸೋರುತ್ತಿದೆಯೆಂದು ಅರ್ಥ. ಕೂಡುವೆಡೆಗಳಿಗೆಲ್ಲ ಸಾಬೂನಿನ ನೀರನ್ನು ಹಚ್ಚಿದರೆ ಸೋರುವ ಜಾಗದಲ್ಲಿ ಗುಳ್ಳೆಗಳು ಏಳುತ್ತವೆ. ಈ ಪರೀಕ್ಷೆಗೆ ಬೇಕಾದುದು ಒಂದು ಚೂರು ಸಾಬೂನು, ಒಂದು ಬಟ್ಟಲು ನೀರು, ಐದು ನಿಮಿಷದ ತಾಳ್ಮೆ. ಇದನ್ನು ಮಾಡದೆ ದೀಪ ಹಚ್ಚಿ, ಟ್ಯಾಂಕಿನ ಮೇಲೆ ಒಸರಿದ ಎಣ್ಣೆಗೆ ಉರಿ ತಗುಲಿದರೆ, ದೀಪವನ್ನು ತಲೆಯ ಮೇಲೆ ಹೊತ್ತವನು ಅದನ್ನು ಎಲ್ಲಿಗೆ ಎಸೆಯಬೇಕು? ಸುತ್ತಲೂ ನೆರೆದಿರುವುದು ಮದುವೆಯ ಜನ.

ಎಲ್ಲ ಎಣ್ಣೆಗಳೂ ಸಮಾನವಲ್ಲವೆಂಬುದನ್ನೂ ಇಲ್ಲಿ ತಿಳಿಯಬೇಕು. ದ್ರವವು ಉರಿಯುವುದಿಲ್ಲ, ಅದರಿಂದ ಏಳುವ ಆವಿಯು ಉರಿಯುತ್ತದೆ. ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿಯು ಯಾವ ಉಷ್ಣತೆಯಲ್ಲಿ ಏಳತೊಡಗುತ್ತದೆಯೋ ಅದನ್ನು ಆ ದ್ರವದ ಜ್ವಲನಬಿಂದು ಎನ್ನುತ್ತಾರೆ. ಭಾರತದ ಮಾನಕದಂತೆ ಸೀಮೆಎಣ್ಣೆಯ ಜ್ವಲನಬಿಂದು 35 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿರಬಾರದು. ಪೆಟ್ರೋಲಿನದಾದರೋ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿದೆ. ಅಂದರೆ ನಮ್ಮ ನಾಡಿನ ಚಳಿಗಾಲದ ಮುಂಜಾವಿನಲ್ಲಿಯೂ ಪೆಟ್ರೋಲು ಕಿಡಿಗಾಗಿ ಕಾದಿರುತ್ತದೆ. ಸೀಮೆಎಣ್ಣೆಯ ದೀಪಕ್ಕೆ ಪೆಟ್ರೋಲು ಬೆರೆಸಕೂಡದೆಂಬ ಕಟ್ಟುನಿಟ್ಟಿನ ಕಾರಣವಿದು. ದಾವಣಗೆರೆಯಂಥ ಬಯಲುಸೀಮೆಯ ಬೇಸಿಗೆಯಲ್ಲಿ ಬಿಸಿಲಿಗಿಟ್ಟ ಹಿತ್ತಾಳೆಯ ಟ್ಯಾಂಕು 35 ಡಿಗ್ರಿಯನ್ನು ಸುಲಭವಾಗಿ ಮೀರುವುದರಿಂದ, ಸೀಮೆಎಣ್ಣೆಯನ್ನೂ ಪೂರ್ಣವಾಗಿ ನಂಬುವಂತಿಲ್ಲ.

ದೀಪದ ಪರೀಕ್ಷೆಯನ್ನು ಕಡೆಗಣಿಸಿದರೆ ಏನಾಗುವುದೆಂಬುದಕ್ಕೆ ಜಗತ್ತಿನ ಇತಿಹಾಸದಲ್ಲಿ ಒಂದು ದೊಡ್ಡ ಪಾಠವಿದೆ. ಅದು ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಿಗೆ ಸಂಬಂಧಿಸಿದ್ದು. ಅಲ್ಲಿನ ನೆಲದಾಳದ ಸುರಂಗಗಳಲ್ಲಿ ಮೀಥೇನ್ ಎಂಬ ಅನಿಲವು ಕಲ್ಲಿದ್ದಲಿನಿಂದ ಹೊರಬರುತ್ತಿತ್ತು. ಕಾರ್ಮಿಕರ ತೆರೆದ ದೀಪದ ಉರಿ ಅದಕ್ಕೆ ತಾಗಿದಾಗ ಗಣಿಯೇ ಸಿಡಿಯುತ್ತಿತ್ತು. 1812ರ ಮೇ 25ರಂದು ಫೆಲ್ಲಿಂಗ್ ಎಂಬ ಗಣಿಯಲ್ಲಿ ನಡೆದ ಸ್ಫೋಟದಲ್ಲಿ 92 ಮಂದಿ ಸತ್ತರು. ಅವರಲ್ಲಿ ಬಾಲಕರೂ ಇದ್ದರು. ಈ ಸಂಕಟಕ್ಕೆ ಪರಿಹಾರ ಹುಡುಕಲು ಹಂಫ್ರಿ ಡೇವಿ ಎಂಬ ವಿಜ್ಞಾನಿಯನ್ನು ಕೇಳಿಕೊಳ್ಳಲಾಯಿತು. ಆತನು 1815ರಲ್ಲಿ ಉರಿಯ ಸುತ್ತ ನವಿರಾದ ಲೋಹದ ಜಾಲರಿಯನ್ನು ಸುತ್ತಿದ ದೀಪವೊಂದನ್ನು ನಿರ್ಮಿಸಿದನು. ಒಂದು ಚದರ ಅಂಗುಲದ ಜಾಲರಿಯಲ್ಲಿ 784 ಕಂಡಿಗಳಿದ್ದವು. ಗಾಳಿಯು ಆ ಕಂಡಿಗಳ ಮೂಲಕ ಒಳಗೆ ಹೋಗಬಲ್ಲುದು. ಆದರೆ ಉರಿಯ ಶಾಖವನ್ನು ಲೋಹದ ತಂತಿಗಳು ಹೀರಿಕೊಳ್ಳುವುದರಿಂದ ಬೆಂಕಿಯು ಹೊರಗೆ ದಾಟಲಾರದು. ಸನ್ನದು ಪಡೆದು ಹಣ ಗಳಿಸುವ ಅವಕಾಶವಿದ್ದರೂ ಡೇವಿಯು ಅದನ್ನು ಪಡೆಯದೆ ತನ್ನ ಶೋಧವನ್ನು ಲೋಕಕ್ಕೆ ಬಿಟ್ಟುಕೊಟ್ಟನು.

ಇನ್ನು ಗಣಿಗಳಲ್ಲಿ ಸಾವು ಕಡಿಮೆಯಾಗುವುದೆಂದು ಎಲ್ಲರೂ ನಂಬಿದರು. ನಡೆದುದು ಬೇರೆ. ಡರ್ಹ್ಯಾಮ್ ಮತ್ತು ನಾರ್ತಂಬರ್ಲೆಂಡ್ ಪ್ರಾಂತಗಳಲ್ಲಿ ಈ ದೀಪ ಬರುವುದಕ್ಕೆ ಹಿಂದಿನ 18 ವರ್ಷಗಳಲ್ಲಿ 447 ಮಂದಿ ಸತ್ತಿದ್ದರೆ, ಬಂದ ಅನಂತರದ 18 ವರ್ಷಗಳಲ್ಲಿ 538 ಮಂದಿ ಸತ್ತರೆಂದು 1835ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯು ಲೆಕ್ಕವಿಟ್ಟಿತು. ಸುರಕ್ಷಾದೀಪವು ಕೈಗೆ ಬಂದಿತೆಂಬ ಧೈರ್ಯದಿಂದ ಹಿಂದೆ ಯಾರೂ ಕಾಲಿಡದಿದ್ದ ಅನಿಲ ತುಂಬಿದ ಸುರಂಗಗಳಿಗೂ ಜನರನ್ನು ಇಳಿಸಲಾಗಿತ್ತು. ಜಾಲರಿಯು ತುಕ್ಕು ಹಿಡಿದು ಒಂದು ತಂತಿ ತುಂಡಾಗಿದ್ದರೂ ಬೆಂಕಿಗೆ ಬಾಗಿಲು ತೆರೆದಂತೆಯೇ. 783 ಕಂಡಿಗಳು ಸರಿಯಾಗಿದ್ದು ಒಂದು ಮಾತ್ರ ಅಗಲವಾಗಿದ್ದರೆ, ಆ ಒಂದೇ ಕಂಡಿಯು ಎಲ್ಲರ ಪಾಲಿಗೆ ಮೃತ್ಯುದ್ವಾರ. ದೀಪದ ರಚನೆಯಲ್ಲಿ ಎಷ್ಟೇ ಜಾಣತನವಿದ್ದರೂ ದಿನನಿತ್ಯದ ಪರೀಕ್ಷೆಯಿಲ್ಲದೆ ಅದು ಕಾಪಾಡಲಾರದೆಂಬ ಸತ್ಯವನ್ನು ಆ ನಾಡು ಜೀವಗಳ ಬೆಲೆ ತೆತ್ತು ಕಲಿಯಿತು. ಕಾಲಕ್ರಮದಲ್ಲಿ ಗಣಿಗಳ ಬಾಗಿಲಲ್ಲಿ ದೀಪದ ಕೊಠಡಿಗಳು ಏರ್ಪಟ್ಟವು. ಅಲ್ಲಿ ಪ್ರತಿಯೊಂದು ದೀಪವನ್ನೂ ಬಿಚ್ಚಿ, ಒರೆಸಿ, ಪರೀಕ್ಷಿಸಿ, ಬೀಗ ಹಾಕಿ, ಸಂಖ್ಯೆ ಬರೆದುಕೊಂಡು ಕಾರ್ಮಿಕನ ಕೈಗೆ ಕೊಡುವ ಪದ್ಧತಿಯು ಬೆಳೆಯಿತು.

ಕರ್ನಾಟಕದಲ್ಲಿ ಚಿನ್ನದ ಗಣಿಗಳುಂಟು. 2001ರಲ್ಲಿ ಮುಚ್ಚಿದ ಕೋಲಾರದ ಗಣಿಗಳು 3 ಕಿಲೋಮೀಟರಿಗಿಂತ ಹೆಚ್ಚು ಆಳಕ್ಕೆ ಇಳಿದಿದ್ದವು. ರಾಯಚೂರು ಜಿಲ್ಲೆಯ ಹಟ್ಟಿಯ ಗಣಿಯಲ್ಲಿ ಇಂದಿಗೂ ಕೆಲಸ ನಡೆಯುತ್ತಿದೆ. ಸೂರ್ಯನ ಒಂದು ಕಿರಣವೂ ಸುಳಿಯದ ಅಂಥ ಆಳದಲ್ಲಿ ಕಾರ್ಮಿಕನಿಗೆ ಟೋಪಿಯ ಮೇಲಿನ ದೀಪವೇ ಕಣ್ಣು. ಅದರ ಬುಡವೆಂದರೆ ಸೊಂಟಕ್ಕೆ ಕಟ್ಟಿದ ಬ್ಯಾಟರಿ. ಹಿಂದಿನ ಕಾಲದ ಆಮ್ಲದ ಬ್ಯಾಟರಿಯು ಸೋರಿದರೆ ಬಟ್ಟೆಯೂ ಚರ್ಮವೂ ಸುಡುತ್ತಿದ್ದವು. ದೀಪವು ಕೆಳಗೆ ಕೆಟ್ಟರೆ ಕತ್ತಲೆಯಲ್ಲಿ ದಾರಿಯೇ ಕಾಣದು. ಆದುದರಿಂದ ದೀಪವನ್ನು ನೋಡಿಕೊಳ್ಳದೆ ಗಣಿಗೆ ಇಳಿಯುವುದೆಂದರೆ ಕಣ್ಣು ಕಟ್ಟಿಕೊಂಡು ಇಳಿದಂತೆ.

ನೆಲದ ಮೇಲಿನ ಕೈಗಾರಿಕೆಗಳಲ್ಲಿಯೂ ಸಾಗುವ ದೀಪದ ಅಗತ್ಯ ತಪ್ಪಿಲ್ಲ. ಮಧ್ಯ ಕರ್ನಾಟಕದಲ್ಲಿ ದಾವಣಗೆರೆ, ಹರಿಹರಗಳು ಇದಕ್ಕೆ ಒಳ್ಳೆಯ ನಿದರ್ಶನ. ಹತ್ತಿಯ ಗಿರಣಿಗಳಿಂದಾಗಿ ದಾವಣಗೆರೆಯು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿತ್ತು. ತುಂಗಭದ್ರೆಯ ದಂಡೆಯ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳನ್ನು ತಯಾರಿಸಿ ಕೀರ್ತಿ ಗಳಿಸಿತು. ಆ ಕಾರ್ಖಾನೆಯೂ ಹತ್ತಿಗಿರಣಿಗಳಲ್ಲಿ ಹಲವೂ ಕಾಲದ ಓಟದಲ್ಲಿ ಮುಚ್ಚಿಹೋದವು. ಆದರೆ ಕೈಗಾರಿಕೆಯ ಬದುಕು ನಿಲ್ಲಲಿಲ್ಲ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಂತಹ ತಾಣಗಳಲ್ಲಿ ದುಡಿಮೆಯು ಮುಂದುವರಿದಿದೆ. ಕಾರ್ಖಾನೆಯಿದ್ದ ಕಡೆ ದುರಸ್ತಿಯುಂಟು. ದುರಸ್ತಿಯು ಹಗಲನ್ನೇ ಕಾಯುವುದಿಲ್ಲ. ಟ್ಯಾಂಕಿನ ಒಳಗನ್ನು ತೊಳೆಯುವವನಿಗೆ ಕೈದೀಪ ಬೇಕು; ರಾತ್ರಿ ರಸ್ತೆ ಅಗೆಯುವವರಿಗೆ ಎತ್ತರದ ದೀಪಸ್ತಂಭ ಬೇಕು. ಟ್ಯಾಂಕು, ಗುಂಡಿ, ದೊಡ್ಡ ಕೊಳವೆಗಳಂತಹ ಇಕ್ಕಟ್ಟಿನ ಜಾಗಗಳಲ್ಲಿ 24 ವೋಲ್ಟಿಗಿಂತ ಹೆಚ್ಚಿನ ಕೈದೀಪವನ್ನು ತಕ್ಕ ರಕ್ಷಣೆಯಿಲ್ಲದೆ ಬಳಸಕೂಡದೆಂದೂ, ಉರಿಯುವ ಅನಿಲವಿರಬಹುದಾದ ಕಡೆ ಕಿಡಿ ಹೊರಬೀಳದಂತೆ ರಚಿಸಿದ ದೀಪವನ್ನಷ್ಟೇ ಒಯ್ಯಬೇಕೆಂದೂ ಕಾರ್ಖಾನೆಗಳ ಕಾಯಿದೆಯು ವಿಧಿಸಿತ್ತು. ಒಂದು ಕೈದೀಪಕ್ಕಾಗಿ ಶಾಸನವು ಪ್ರತ್ಯೇಕವಾದ ಕಲಮನ್ನೇ ಬರೆದಿತ್ತೆಂದರೆ ಅದರ ಅಪಾಯವೆಷ್ಟೆಂಬುದನ್ನು ಊಹಿಸಬಹುದು.

ಈಗ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಕರೂರಿನ ಕೈಗಾರಿಕಾ ಪ್ರದೇಶದ ರಸ್ತೆಯೊಂದರಲ್ಲಿ ಒಡೆದ ನೀರಿನ ಕೊಳವೆಯನ್ನು ರಾತ್ರಿಯೇ ಸರಿಪಡಿಸಬೇಕಾಗಿದೆ. ಎಂಟು ಮಂದಿ ಕೆಲಸಗಾರರು ಗುದ್ದಲಿ ಹಿಡಿದು ಸಿದ್ಧರಾಗಿದ್ದಾರೆ. ಎರಡು ಗಾಲಿಯ ಮೇಲೆ ಡೀಸೆಲ್ ಎಂಜಿನನ್ನೂ ಮಡಿಚಿಟ್ಟ ಕಂಬವನ್ನೂ ಹೊತ್ತ ದೀಪಸ್ತಂಭವು ಬಂದು ನಿಂತಿದೆ. ಕಂಬವನ್ನು ಏರಿಸಿದರೆ ಸುಮಾರು 9 ಮೀಟರು ಎತ್ತರದಿಂದ ನಾಲ್ಕು ದೀಪಗಳು ಹಗಲನ್ನೇ ತರುತ್ತವೆ. ಅದನ್ನು ನಡೆಸುವ ಹಿರಿಯ ಕೆಲಸಗಾರನು ಗುಂಡಿಯನ್ನು ಒತ್ತುವ ಬದಲು, ಕೈಯಲ್ಲಿ ಸಣ್ಣ ಟಾರ್ಚು ಹಿಡಿದು ಯಂತ್ರದ ಸುತ್ತ ನಿಧಾನವಾಗಿ ಒಂದು ಸುತ್ತು ಬರುತ್ತಾನೆ. ಕೆಲಸ ಕಲಿಯಲು ಬಂದ ಹುಡುಗನು ಬೇಸರದಿಂದ ಕೇಳುತ್ತಾನೆ:

"ಕಾಕಾ, ನಿನ್ನೆ ರಾತ್ರಿ ಚೆನ್ನಾಗಿ ಉರಿದಿತ್ತಲ್ಲ, ಇವತ್ತು ಮತ್ಯಾಕೆ ನೋಡ್ತೀರಿ?"

"ನಿನ್ನೆ ಉರಿದದ್ದು ನಿನ್ನೆಗೆ ಆತು ತಮ್ಮಾ. ಬರೋ ಹಾದಿಯಾಗೆ ಎಷ್ಟು ಗುಂಡಿ ಹಾರಿ ಬಂದೈತೋ ಯಾರಿಗೆ ಗೊತ್ತು?"

ಹಿರಿಯನು ಮೊದಲು ನೋಡುವುದು ಯಂತ್ರವನ್ನಲ್ಲ, ಅದರ ಕೆಳಗಿನ ನೆಲವನ್ನು. ಯಂತ್ರವು ನಿಂತಿದ್ದ ಜಾಗದಲ್ಲಿ ಹನಿ ಬಿದ್ದ ಗುರುತು, ಮಣ್ಣಿನಲ್ಲಿ ಕಪ್ಪು ಕಲೆ, ಹೊಸ ವಾಸನೆ ಇವು ಸೋರಿಕೆಯ ಮೊದಲ ಸಾಕ್ಷಿಗಳು. ಅನಂತರ ಎಣ್ಣೆಯ ಮುಚ್ಚಳ, ಎಣ್ಣೆ ಹೋಗುವ ರಬ್ಬರು ಕೊಳವೆ, ಅದನ್ನು ಬಿಗಿಹಿಡಿದ ಪಟ್ಟಿ, ಎಂಜಿನ್ ಆಯಿಲಿನ ಮಟ್ಟ, ತಂಪುಗೊಳಿಸುವ ನೀರು, ಬ್ಯಾಟರಿಯ ತುದಿಗಳು, ವಿದ್ಯುತ್ತಿನ ತಂತಿಯ ಹೊದಿಕೆ, ನೆಲಕ್ಕೆ ಊರಿದ ಅರ್ಥಿಂಗ್ ಸಲಾಕೆ, ಯಂತ್ರ ಹೊರಳದಂತೆ ಚಾಚುವ ಕಾಲುಗಳು, ಕಂಬವನ್ನು ಎತ್ತುವ ಉಕ್ಕಿನ ಹಗ್ಗ, ಕಡೆಗೆ ತಲೆಯೆತ್ತಿ ಮೇಲೆ ಹಾದುಹೋದ ವಿದ್ಯುತ್ ತಂತಿಗಳು, ಹೀಗೆ ಒಂದಾದ ಮೇಲೊಂದನ್ನು ದಿನವೂ ಅದೇ ಕ್ರಮದಲ್ಲಿ ನೋಡುತ್ತಾನೆ. ಕ್ರಮ ತಪ್ಪದಿದ್ದರೆ ಯಾವುದೂ ಬಿಟ್ಟುಹೋಗುವುದಿಲ್ಲ. ಡೀಸೆಲನ್ನು ಅತಿ ಒತ್ತಡದಿಂದ ಚಿಮ್ಮಿಸುವ ಸಣ್ಣ ನಳಿಕೆಗಳ ಬಳಿ, ಎಂಜಿನ್ ನಡೆಯುತ್ತಿರುವಾಗ, ಕೈಯಿಂದ ಸವರಿ ಸೋರಿಕೆಯನ್ನು ಹುಡುಕಬಾರದೆಂದು ಆತನು ಹುಡುಗನಿಗೆ ಹೇಳುತ್ತಾನೆ. ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆಯೂ ಚರ್ಮವನ್ನು ತೂರಿ ಒಳಗೆ ಹೋಗಬಲ್ಲುದು. ದೂರದಿಂದ ಒಂದು ರಟ್ಟಿನ ತುಂಡನ್ನು ಹಿಡಿದರೆ ಅದರ ಮೇಲೆ ಮೂಡುವ ತೇವವೇ ಸುಳಿವು ಕೊಡುತ್ತದೆ.

ಆ ದಿನ ರಬ್ಬರು ಕೊಳವೆಯ ತುದಿಯಲ್ಲಿ ತೇವ ಕಾಣಿಸುತ್ತದೆ. ಒರೆಸಿದರೆ ಮತ್ತೆ ಒಂದು ಹನಿ ಕಟ್ಟುತ್ತದೆ. ಕೆಲಸಗಾರರು ಕಾಯುತ್ತಿದ್ದಾರೆ. ಮೇಸ್ತ್ರಿಯು ಗಡಿಯಾರವನ್ನು ನೋಡಿ, "ಒಂದು ಬಟ್ಟೆ ಸುತ್ತಿ ಶುರು ಮಾಡಪ್ಪಾ, ಬೆಳಿಗ್ಗೆ ನೋಡಿಕೊಂಡರಾಯಿತು" ಎನ್ನುತ್ತಾನೆ. ಹಿರಿಯನು ತಲೆಯಾಡಿಸುತ್ತಾನೆ. "ಬಟ್ಟೆ ಸುತ್ತಿದರೆ ಸೋರೋದು ಕಾಣಂಗಿಲ್ಲ, ನಿಲ್ಲಂಗಿಲ್ಲ ಸ್ವಾಮಿ. ಎಣ್ಣೆ ಕುಡಿದ ಬಟ್ಟೆ ಬತ್ತಿ ಆಗ್ತೈತಿ. ಪಕ್ಕದಾಗೇ ಕಾದ ಹೊಗೆ ಕೊಳವೆ ಐತಿ" ಎಂದು ಹೇಳಿ, ಯಂತ್ರದ ಮೇಲೆ 'ನಡೆಸಬೇಡಿ' ಎಂಬ ಹಲಗೆಯನ್ನು ತೂಗುಹಾಕುತ್ತಾನೆ. ಹೊಸ ಕೊಳವೆ ತಂದು ಜೋಡಿಸಿ, ಮತ್ತೆ ಒರೆಸಿ ನೋಡಿ, ಒಣಗಿಯೇ ಇದೆಯೆಂದು ಖಚಿತವಾದ ಮೇಲೆಯೇ ಎಂಜಿನ್ ನಡೆಯುತ್ತದೆ. ಕಳೆದದ್ದು ಒಂದು ಗಂಟೆ. ಅದು ಸಣ್ಣ ನಷ್ಟವೇನಲ್ಲ. ಎಂಟು ಮಂದಿಯ ಒಂದು ಗಂಟೆ. ಆದರೆ ಆ ಎಂಟು ಮಂದಿಯೂ ಬೆಳಿಗ್ಗೆ ತಮ್ಮ ಮನೆಗಳಿಗೆ ನಡೆದುಕೊಂಡು ಹೋಗುವುದು ಆ ಒಂದು ಗಂಟೆಯ ಫಲ.

ಹನಿ ಎಂಬುದು ಅಲ್ಪವೆಂದು ತೋರಬಹುದು. ಲೆಕ್ಕ ಹಾಕಿದರೆ ಅದರ ಗಾತ್ರವು ತಿಳಿಯುತ್ತದೆ. ಸುಮಾರು 20 ಹನಿಗಳಿಗೆ ಒಂದು ಮಿಲಿಲೀಟರು. ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೆ ಗಂಟೆಗೆ 180 ಮಿಲಿಲೀಟರು. ಹತ್ತು ಗಂಟೆಗಳ ರಾತ್ರಿಗೆ 1.8 ಲೀಟರು. ಸಂಜೆ ಕಣ್ಣಿಗೆ ಕಾಣದ ಹನಿಯು ಬೆಳಗಾಗುವ ಹೊತ್ತಿಗೆ ಎಂಜಿನಿನ ಕೆಳಗೆ ಒಂದು ಕೊಳವಾಗಿ ನಿಂತಿರುತ್ತದೆ. ಹನಿಹನಿಗೂಡಿದರೆ ಹಳ್ಳವೆಂಬ ಮಾತು ಉಳಿತಾಯಕ್ಕೆ ಮಾತ್ರವಲ್ಲ, ಸೋರಿಕೆಗೂ ಸಲ್ಲುತ್ತದೆ.

ಸೋರುವುದು ಎಣ್ಣೆಯೊಂದೇ ಅಲ್ಲ. ಅಡುಗೆ ಅನಿಲದಿಂದ ಉರಿಯುವ ದೀಪಗಳೂ ಉಂಟು. ದ್ರವರೂಪದ ಒಂದು ಲೀಟರು ಅಡುಗೆ ಅನಿಲವು ಹೊರಬಂದರೆ ಸುಮಾರು 250 ಲೀಟರಿನಷ್ಟು ಅನಿಲವಾಗಿ ಹರಡುತ್ತದೆ. ಅದು ಗಾಳಿಗಿಂತ ಭಾರವಾದುದರಿಂದ ಮೇಲೆ ಹೋಗದೆ ನೆಲದಲ್ಲಿ ತೆವಳಿ ಗುಂಡಿಗಳಲ್ಲಿಯೂ ಚರಂಡಿಗಳಲ್ಲಿಯೂ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಬೆರೆತರೂ ಅದು ಹೊತ್ತಿಕೊಳ್ಳಬಲ್ಲುದು. ಸಹಜವಾಗಿ ಅದಕ್ಕೆ ವಾಸನೆಯಿಲ್ಲ. ಸೋರಿಕೆಯು ಗೊತ್ತಾಗಲೆಂದೇ ದುರ್ಗಂಧದ ವಸ್ತುವೊಂದನ್ನು ಬೆರೆಸಿರುತ್ತಾರೆ. ಇಲ್ಲಿಯೂ ಪರೀಕ್ಷೆಗೆ ಸಾಬೂನಿನ ನೀರೇ ಸಾಧನ. ಬೆಂಕಿಕಡ್ಡಿ ಗೀರಿ ಸೋರಿಕೆಯನ್ನು ಹುಡುಕುವವನು ಅದನ್ನು ಖಂಡಿತವಾಗಿ ಕಂಡುಕೊಳ್ಳುತ್ತಾನೆ. ಆದರೆ ಕಂಡದ್ದನ್ನು ಹೇಳಲು ಉಳಿಯುವುದು ಸಂದೇಹ. ಆಮ್ಲದ ಬ್ಯಾಟರಿಗೆ ವಿದ್ಯುತ್ತು ತುಂಬುವಾಗ ಹೊರಡುವ ಹೈಡ್ರೊಜನ್ನು ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲಾದಾಗಲೇ ಕಿಡಿಗೆ ಸಿಡಿಯುವಂತಾಗುತ್ತದೆ. ಎಂಜಿನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ನಿದ್ದೆಯಲ್ಲಿಯೇ ಪ್ರಾಣ ಒಯ್ಯುತ್ತದೆ. ಆದುದರಿಂದ ಬ್ಯಾಟರಿಗೆ ಗಾಳಿಯಾಡುವ ಜಾಗ, ಎಂಜಿನ್ನಿಗೆ ಬಯಲು, ಎಣ್ಣೆ ತುಂಬುವುದಕ್ಕೆ ಎಂಜಿನ್ ನಿಂತು ಆರಿದ ಹೊತ್ತು, ಇವು ಮೂರೂ ತಪ್ಪದೆ ಪಾಲಿಸಬೇಕಾದ ನಿಯಮಗಳು.

ವರ್ಷಕ್ಕೊಮ್ಮೆ ತಜ್ಞರು ಬಂದು ಯಂತ್ರವನ್ನು ನೋಡಿ ಮುದ್ರೆ ಒತ್ತಿಹೋಗುವಾಗ, ಅದನ್ನು ನಡೆಸುವವನೂ ದಿನವೂ ಏಕೆ ನೋಡಬೇಕೆಂಬ ಪ್ರಶ್ನೆ ಏಳಬಹುದು. ವೈದ್ಯನು ವರ್ಷಕ್ಕೊಮ್ಮೆ ಮಗುವನ್ನು ಪರೀಕ್ಷಿಸುತ್ತಾನೆ. ತಾಯಿಯು ದಿನವೂ ಅದರ ಹಣೆಯನ್ನು ಮುಟ್ಟಿ ನೋಡುತ್ತಾಳೆ. ಜ್ವರವು ಮೊದಲು ತಿಳಿಯುವುದು ತಾಯಿಯ ಕೈಗೆ. ಅಂತೆಯೇ ಯಂತ್ರದ ಸದ್ದಿನಲ್ಲಿಯ ಸಣ್ಣ ವ್ಯತ್ಯಾಸ, ಹಿಂದಿನ ದಿನ ಇಲ್ಲದ ಒಂದು ವಾಸನೆ, ಎಂದಿಗಿಂತ ತುಸು ಸಡಿಲವಾದ ತಿರುಪು, ಇವು ದಿನವೂ ಅದರೊಡನೆ ಇರುವವನಿಗಲ್ಲದೆ ಬೇರೆಯವರಿಗೆ ತಿಳಿಯುವುದು ಕಷ್ಟ. ಕಂಡದ್ದನ್ನು ಆತನು ದಿನಚರಿಯ ಪುಸ್ತಕದಲ್ಲಿ ಬರೆದಿಡಬೇಕು. ಏಕೆಂದರೆ ಹಗಲು ಪಾಳಿಯವನು ಕಂಡ ದೋಷವು ರಾತ್ರಿ ಪಾಳಿಯವನಿಗೆ ತಿಳಿಯುವುದು ಆ ಬರೆಹದಿಂದಲೇ. ನೋಡದೆಯೇ 'ಸರಿಯಿದೆ' ಎಂದು ಬರೆಯುವ ಕೈಯು, ಹರಿದ ಜಾಲರಿಯ ದೀಪವನ್ನು ಗಣಿಗೆ ಇಳಿಯುವವನಿಗೆ ಕೊಟ್ಟ ಕೈಗೆ ಸಮಾನವಾದುದು.

ಈ ಎಚ್ಚರವು ಕಾರ್ಖಾನೆಯವರಿಗಷ್ಟೇ ಸೇರಿದುದಲ್ಲ. ಇಂದಿನ ಮನೆಗಳಲ್ಲಿ ಗ್ಯಾಸ್‌ಲೈಟು ಅಪರೂಪವಾಗಿದೆ. ಆದರೆ ವಿದ್ಯುತ್ತು ಹೋದಾಗ ಬೆಳಗುವ ಬ್ಯಾಟರಿ ದೀಪ, ಸೌರ ಲಾಟೀನು, ಕೈಯ ಟಾರ್ಚು, ಅಡುಗೆಮನೆಯ ಅನಿಲದ ಸಿಲಿಂಡರು ಎಲ್ಲ ಕಡೆಯೂ ಇವೆ. ಟಾರ್ಚಿನೊಳಗೆ ಮರೆತುಬಿಟ್ಟ ಹಳೆಯ ಸೆಲ್ಲುಗಳು ಸೋರಿ ಲೋಹವನ್ನು ತಿನ್ನುತ್ತವೆ. ಉಬ್ಬಿಕೊಂಡ ಲಿಥಿಯಂ ಬ್ಯಾಟರಿಯು ಅಪಾಯದ ಮುನ್ಸೂಚನೆ. ಅದಕ್ಕೆ ಮತ್ತೆ ವಿದ್ಯುತ್ತು ತುಂಬಕೂಡದು. ಅನಿಲದ ವಾಸನೆ ಬಂದೊಡನೆ ಯಾವ ಸ್ವಿಚ್ಚನ್ನೂ ಮುಟ್ಟದೆ, ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆದು, ಹೊರಗೆ ಬಂದು 1906 ಎಂಬ ಸಂಖ್ಯೆಗೆ ದೂರವಾಣಿ ಮಾಡಬೇಕು. ಇವಾವುವೂ ದೊಡ್ಡ ವಿದ್ಯೆಗಳಲ್ಲ. ಆದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದಕ್ಕಿಂತ ಇವು ಎಷ್ಟೋ ಮೇಲು.

ಬೆಳಕನ್ನು ಎಲ್ಲರೂ ಹೊಗಳುತ್ತಾರೆ. ಬಯಲಾಟದ ಮರುದಿನ ವೇಷಧಾರಿಯ ಕುಣಿತವನ್ನೂ ಭಾಗವತನ ಕಂಠವನ್ನೂ ನೆನೆಯುತ್ತಿದ್ದ ಊರಿನವರಿಗೆ, ಸಂಜೆಯೇ ವಾಶರು ಬದಲಿಸಿ ಕುಳಿತ ದೀಪದಾಳಿನ ನೆನಪು ಬರುತ್ತಿರಲಿಲ್ಲ. ಅಂಥವನ ಕೆಲಸದ ಗುಣವೇ ಅದು. ಅದು ಚೆನ್ನಾಗಿ ನಡೆದಾಗ ಏನೂ ಸಂಭವಿಸುವುದಿಲ್ಲ. ಸಂಭವಿಸದೆ ಹೋದುದಕ್ಕೆ ಯಾರೂ ಹಾರ ಹಾಕುವುದಿಲ್ಲ. ಆದರೂ ಒಬ್ಬನು ಪ್ರತಿದಿನವೂ ಬಾಗಿ ದೀಪದ ಬುಡವನ್ನು ನೋಡುವುದರಿಂದಲೇ ಉಳಿದವರು ನಿಶ್ಚಿಂತೆಯಿಂದ ಅದರ ಬೆಳಕಿನಲ್ಲಿ ಕುಳಿತುಕೊಳ್ಳುತ್ತಾರೆ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಪೆಟ್ರೋಮ್ಯಾಕ್ಸ್ ಎಂಬ ಹೆಸರು ಹೇಗೆ ಬಂದಿತು?
2. ಜ್ವಲನಬಿಂದು ಎಂದರೇನು?
3. ಹಿರಿಯ ಕೆಲಸಗಾರನು ಯಂತ್ರಕ್ಕಿಂತ ಮೊದಲು ನೆಲವನ್ನು ನೋಡುವುದೇಕೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಗ್ಯಾಸ್‌ಲೈಟಿನ ಸೋರಿಕೆಯನ್ನು ಪರೀಕ್ಷಿಸುವ ಕ್ರಮವನ್ನು ವಿವರಿಸಿರಿ.
2. ಸುರಕ್ಷಾದೀಪವು ಬಂದ ಮೇಲೆಯೂ ಗಣಿಗಳಲ್ಲಿ ಸಾವುಗಳು ಹೆಚ್ಚಿದುದೇಕೆ?
3. ದಿನನಿತ್ಯದ ಪರೀಕ್ಷೆಯನ್ನು ಯಂತ್ರ ನಡೆಸುವವನೇ ಮಾಡಬೇಕೆಂಬುದಕ್ಕೆ ಪಾಠದಲ್ಲಿ ಕೊಟ್ಟಿರುವ ಕಾರಣಗಳಾವುವು?

ಇ) ಸಂದರ್ಭ ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
1. "ನಿನ್ನೆ ಉರಿದದ್ದು ನಿನ್ನೆಗೆ ಆತು ತಮ್ಮಾ."
2. "ಎಣ್ಣೆ ಕುಡಿದ ಬಟ್ಟೆ ಬತ್ತಿ ಆಗ್ತೈತಿ."

ಈ) ಮಾಡಿ ನೋಡಿರಿ.
ನಿಮ್ಮ ಮನೆಯಲ್ಲಿರುವ ಸಾಗಿಸಬಹುದಾದ ದೀಪವೊಂದನ್ನು ಆರಿಸಿಕೊಂಡು, ಅದನ್ನು ಹಚ್ಚುವ ಮುನ್ನ ನೋಡಬೇಕಾದ ಐದು ಅಂಶಗಳನ್ನು ಕ್ರಮವಾಗಿ ಬರೆಯಿರಿ. ಒಂದು ವಾರ ದಿನವೂ ಪರೀಕ್ಷಿಸಿ, ಕಂಡದ್ದನ್ನು ತಾರೀಖಿನೊಡನೆ ಗುರುತು ಹಾಕಿಕೊಳ್ಳಿರಿ.